ಗಾಯಗೊಂಡ ಸಿಪಾಯಿಯ ಸಂಸಾರ

ಹೋದ ತಿಂಗಳು ನಮ್ಮ ಸಂಘದ ಸದಸ್ಯರೊಬ್ಬರು ಕಚೇರಿಗೆ ಬಂದು ಮೇಜಿನ ಮೇಲೆ ಒಂದು ಕೈಚೀಲವನ್ನಿಟ್ಟರು. ಅದರ ತುಂಬ ಕಾಗದಗಳು. ಇವರು ಪುಣೆಯ ಹೋಟೆಲೊಂದರಲ್ಲಿ ಹದಿನಾರು ವರ್ಷಗಳಿಂದ ಭಟ್ಟಿಯ ಮುಂದೆ ನಿಂತು ದುಡಿಯುತ್ತಿರುವವರು. ಕಾಗದಗಳು ಅವರವಲ್ಲ, ಅವರ ತಮ್ಮನವು. ಬೆಳಗಾವಿ ಜಿಲ್ಲೆಯ ಹಳ್ಳಿಯಿಂದ ಸೈನ್ಯ ಸೇರಿದ ಆ ತಮ್ಮ, ಘಟ್ಟದ ದಾರಿಯಲ್ಲಿ ಕರ್ತವ್ಯದ ಮೇಲೆ ಹೋಗುತ್ತಿದ್ದಾಗ ಲಾರಿ ಉರುಳಿ ಬೆನ್ನುಹುರಿಗೆ ಪೆಟ್ಟು ತಿಂದರು. ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ, ಚಲನೆಯಿಲ್ಲ. ಈಗ ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಅಣ್ಣನ ಎರಡು ಕೋಣೆಯ ಮನೆಯಲ್ಲಿದ್ದಾರೆ.

ಸೈನ್ಯದ ಆಸ್ಪತ್ರೆಯಲ್ಲಿದ್ದಷ್ಟು ಕಾಲ ಯಾವ ಕೊರತೆಯೂ ಆಗಲಿಲ್ಲವೆಂದು ಮನೆಯವರೇ ಹೇಳುತ್ತಾರೆ. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಇಂಥ ರೋಗಿಯನ್ನು ಹಗಲು ರಾತ್ರಿ ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಮೈಹುಣ್ಣು. ಮೂತ್ರದ ನಳಿಗೆಯನ್ನು ಶುಚಿಯಾಗಿಡಬೇಕು. ಇಲ್ಲವಾದರೆ ನಂಜೇರಿ ಜ್ವರ. ಗಾಲಿಕುರ್ಚಿಯಿದೆ, ಆದರೆ ಅದು ಚಾಳಿನ ಮೆಟ್ಟಿಲು ಇಳಿಯುವುದಿಲ್ಲ. ದವಾಖಾನೆಗೆ ಹೋಗಬೇಕಾದ ದಿನ ಇಬ್ಬರು ಎತ್ತಿಕೊಂಡು ರಿಕ್ಷಾದಲ್ಲಿ ಕೂರಿಸಬೇಕು. ಆ ದಿನ ಅಣ್ಣನ ಪಗಾರ ಹೋಯಿತು. ಅಲ್ಲಿ ಔಷಧ ದಾಸ್ತಾನಿಲ್ಲವೆಂದರೆ ಹೊರಗೆ ಕೊಂಡು ಬಿಲ್ಲು ಸಲ್ಲಿಸಿ ಕಾಯಬೇಕು. ಹೆಂಡತಿಯ ಹೆಸರು ಸೈನ್ಯದ ದಾಖಲೆಯಲ್ಲಿ ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ ಇದ್ದುದರಿಂದ ಆಕೆಯ ಕಾರ್ಡು ಬರಲು ಏಳು ತಿಂಗಳಾಯಿತು. ಒಂದು ಅಕ್ಷರಕ್ಕೆ ಏಳು ತಿಂಗಳು!

ಆ ತಾಯಿ ನಮಗೆ ಹೇಳಿದ ಮಾತು ಇದು: “ದವಾಖಾನ್ಯಾಗ ಇರೂತನಾ ಅವರು ಸಿಪಾಯಿ ಇದ್ರು, ಅಣ್ಣಾರ. ಮನಿಗೆ ಬಂದ ಮ್ಯಾಲೆ ಬರೇ ಕಾಗದ ಆಗ್ಯಾರ ನೋಡ್ರಿ.”

ಬಂಧುಗಳೇ, ಇದು ನಡೆದದ್ದು ಯಾವುದೋ ಮೂಲೆಯ ಊರಿನಲ್ಲಲ್ಲ, ಪುಣೆಯಲ್ಲಿ. ಗಾಯಾಳು ಸಿಪಾಯಿಗಳ ಉಪಚಾರಕ್ಕೆ ದೇಶದಲ್ಲೇ ಹೆಸರಾದ ಊರಿದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಅಂಗಹೀನ ಸಿಪಾಯಿಗಳಿಗೆ ಕಸುಬು ಕಲಿಸಲೆಂದು ಮುಂಬಯಿಯಲ್ಲಿ ಹುಟ್ಟಿದ ಕ್ವೀನ್ ಮೇರಿ ತಾಂತ್ರಿಕ ಶಾಲೆ ಅನಂತರ ನಮ್ಮ ಖಡ್ಕಿಗೆ ಬಂದು ನೆಲೆಸಿತು. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಕೃತಕ ಕೈಕಾಲುಗಳ ಕೇಂದ್ರ ಇಲ್ಲಿ ಆರಂಭವಾಯಿತು. ಬೆನ್ನುಹುರಿ ಮುರಿದ ಸಿಪಾಯಿಗಳಿಗಾಗಿ 1974ರಲ್ಲಿ ಖಡ್ಕಿಯಲ್ಲೇ ಪುನರ್ವಸತಿ ಕೇಂದ್ರ ತಲೆಯೆತ್ತಿತು. ಇವುಗಳಲ್ಲಿ ದುಡಿಯುವ ವೈದ್ಯರಿಗೂ ದಾದಿಯರಿಗೂ ಕಾರ್ಮಿಕರಿಗೂ ನಮ್ಮ ನಮಸ್ಕಾರ.

ಸರಿಯಾದ ಆರೈಕೆ ಸಿಕ್ಕಿದರೆ ಮನುಷ್ಯ ಏನಾಗಬಲ್ಲನೆಂಬುದಕ್ಕೆ ನೆರೆಯ ಸಾಂಗ್ಲಿ ಜಿಲ್ಲೆಯ ಮುರಳೀಕಾಂತ ಪೇಟ್ಕರರೇ ಸಾಕ್ಷಿ. 1965ರ ಯುದ್ಧದಲ್ಲಿ ಗುಂಡೇಟು ತಿಂದು ಕಾಲಿನ ಬಲ ಕಳೆದುಕೊಂಡ ಈ ಜವಾನರು 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ನಡೆದ ಅಂಗವಿಕಲರ ಒಲಿಂಪಿಕ್ ಕೂಟದಲ್ಲಿ ಈಜಿ ಚಿನ್ನದ ಪದಕ ಗೆದ್ದರು. ಆದರೆ ಪದ್ಮಶ್ರೀ ಅವರಿಗೆ ಬಂದದ್ದು 2018ರಲ್ಲಿ, 46 ವರ್ಷಗಳ ತರುವಾಯ. ಪದಕ ಗೆದ್ದವರ ಗತಿಯೇ ಹೀಗಾದರೆ, ಚಾಳಿನ ಕೋಣೆಯಲ್ಲಿ ಮಲಗಿರುವವರ ಗತಿಯೇನು?

ಕಾನೂನಿಲ್ಲವೆಂದು ನಾವು ಹೇಳುವುದಿಲ್ಲ. ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ ಚಿಕಿತ್ಸೆ ಕೊಡುವ ಯೋಜನೆ 2003ರ ಏಪ್ರಿಲಿನಿಂದ ಇದೆ. ಅದು ಬರುವ ಮುಂಚೆ ದೂರದ ಹಳ್ಳಿಗೆ ಮರಳಿದ ಸಿಪಾಯಿಗೆ ಇದೂ ಇರಲಿಲ್ಲ. ಆದರೆ ಬಿಲ್ಲು ಬಾಕಿ ಉಳಿದಿದೆಯೆಂದು ಖಾಸಗಿ ಆಸ್ಪತ್ರೆಗಳು ಕಾರ್ಡಿಗೆ ಹಿಂಜರಿಯುವ ದೂರು ಮತ್ತೆ ಮತ್ತೆ ಕೇಳಿಬಂದಿದೆ. ಯೋಜನೆ ಮಾಡಿದವರು ಆಸ್ಪತ್ರೆಯನ್ನು ನೆನೆದರು, ಆಸ್ಪತ್ರೆಯಿಂದ ಮನೆಯವರೆಗಿನ ದಾರಿಯನ್ನು ಮರೆತರು. ಆ ದಾರಿಯನ್ನು ಈಗ ಹೊತ್ತು ನಡೆಯುತ್ತಿರುವವರು ಒಬ್ಬ ಹೆಂಗಸು ಮತ್ತು ಒಬ್ಬ ಹೋಟೆಲು ಕಾರ್ಮಿಕ.

ಇನ್ನೊಂದು ಮಾತು. ಈ ಸಿಪಾಯಿಯ ಗಾಯ ಕಣ್ಣಿಗೆ ಕಾಣುವಂಥದು. ಆದುದರಿಂದ ಪಿಂಚಣಿಗೆ ತಕರಾರು ಬರಲಿಲ್ಲ. ಆದರೆ ರೋಗ ಬಂದು ಸೈನ್ಯದಿಂದ ಹೊರಬಿದ್ದವರಿಗೆ “ಇದು ಸೇವೆಯಿಂದ ಬಂದದ್ದಲ್ಲ” ಎಂಬ ಒಂದು ಸಾಲಿನ ಷರಾ ಸಾಕು, ಅಂಗವೈಕಲ್ಯದ ಪಿಂಚಣಿ ನಿಂತುಹೋಗುತ್ತದೆ. ಧರಮ್‌ವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸಿಗ್ನಲ್ಸ್ ದಳ ಸೇರಿದರು. ಸೇರುವಾಗ ಆರೋಗ್ಯವಂತರು. 1994ರಲ್ಲಿ ಮೂರ್ಛೆರೋಗವೆಂದು ಹೊರಕಳಿಸಿದರು, ಪಿಂಚಣಿ ನಿರಾಕರಿಸಿದರು. 2013ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಸೇರುವಾಗ ದಾಖಲೆಯಲ್ಲಿಲ್ಲದ ರೋಗ ಸೇವೆಯಿಂದಲೇ ಬಂತೆಂದು ಮೊದಲು ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಸರಕಾರದ್ದು, ಸಿಪಾಯಿಯದಲ್ಲ ಎಂಬುದು ಅದರ ಸಾರ. 2023ರ ಸೆಪ್ಟೆಂಬರಿನಲ್ಲಿ ಬಂದ ಹೊಸ ನಿಯಮಗಳು ಈ ರಕ್ಷಣೆಯನ್ನು ಮೊಟಕುಗೊಳಿಸುತ್ತವೆಂದು ಮಾಜಿ ಸೈನಿಕರು ಆಕ್ಷೇಪಿಸಿದ್ದಾರೆ. ಅವರ ಆಕ್ಷೇಪಕ್ಕೆ ನಮ್ಮ ಬೆಂಬಲವಿದೆ.

ಏಕೆಂದರೆ ಈ ವಾದ ನಮಗೆ ಹೊಸದಲ್ಲ. ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದು ಎದೆ ಕಟ್ಟಿದವನಿಗೆ “ಬೀಡಿ ಸೇದಿದ್ದಕ್ಕೆ ಬಂದ ಕೆಮ್ಮು” ಎಂದರು. ಕಾದ ಎಣ್ಣೆ ಕೈಮೇಲೆ ಚೆಲ್ಲಿಕೊಂಡ ಹುಡುಗನಿಗೆ “ನಿನ್ನದೇ ಅಜಾಗರೂಕತೆ” ಎಂದರು. ಕೆಲಸದಲ್ಲಿ ಪೆಟ್ಟಾದವನಿಗೆ ಪರಿಹಾರ ಸಿಗಬೇಕೆಂಬ ಕಾನೂನು 1923ರಲ್ಲೇ ಬಂತು; ಹತ್ತಿ ಧೂಳಿನ ರೋಗವೂ ಕಸುಬಿನ ರೋಗಗಳ ಪಟ್ಟಿಗೆ ಸೇರಿತು. ಈಗ ಅದೆಲ್ಲ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. ಆದರೂ ಸಾಬೀತು ಮಾಡುವ ಭಾರವನ್ನು ಗಾಯಾಳುವಿನ ತಲೆಯ ಮೇಲೆ ಹೊರಿಸುವ ಚಾಳಿ ಹೋಗಿಲ್ಲ. ಸಿಪಾಯಿಗೆ ಈ ನ್ಯಾಯ ದಕ್ಕದಿದ್ದರೆ ನಮ್ಮ ಪಾಲಿಗೆ ಅದು ದಕ್ಕೀತೆಂದು ನಂಬುವುದು ಕಷ್ಟ.

ಗಿರಣಿಯವರಿಗೆ ‘ಬದಲಿ’ ಎಂಬ ಮಾತು ಗೊತ್ತು. ಕೆಲಸ ಕಾಯಂ ನೌಕರನಷ್ಟೇ, ಹಕ್ಕು ಮಾತ್ರ ಅರ್ಧ. 2022ರಿಂದ ಸೈನ್ಯದಲ್ಲಿಯೂ ನಾಲ್ಕು ವರ್ಷಗಳ ಅಗ್ನಿವೀರರಿದ್ದಾರೆ. ಯೋಜನೆ ಸಾರಿದಾಗ ಹೇಳಿದಂತೆ, ಸೇವೆಯಿಂದಾದ ಅಂಗವೈಕಲ್ಯವನ್ನು ಶೇಕಡಾ 100, 75, 50 ಎಂದು ಎಣಿಸಿ ಕ್ರಮವಾಗಿ 44 ಲಕ್ಷ, 25 ಲಕ್ಷ, 15 ಲಕ್ಷ ರೂಪಾಯಿಗಳನ್ನು ಒಂದೇ ಸಲ ಕೊಡುವುದು. ಮೊತ್ತ ಸಣ್ಣದಲ್ಲ. ಆದರೆ ಇಪ್ಪತ್ತೆರಡರ ಹುಡುಗನ ಬೆನ್ನುಹುರಿ ಮುರಿದರೆ ಅವನು ಮುಂದೆ ನಲವತ್ತು ವರ್ಷ ಬದುಕಬೇಕು. ಗಂಟಾಗಿ ಕೊಟ್ಟ ಹಣ ಕರಗುತ್ತದೆ. ಮೈಹುಣ್ಣು ಪ್ರತಿ ಮಳೆಗಾಲ ಬರುತ್ತದೆ.

ಆದುದರಿಂದ ನಮ್ಮ ಒತ್ತಾಯಗಳು ಇವು. ಹಾಸಿಗೆ ಹಿಡಿದ ಸಿಪಾಯಿಯ ಮನೆಗೆ ದಾದಿ ಬರಲಿ, ಔಷಧವೂ ಬರಲಿ. ಅವನನ್ನು ಹೊತ್ತು ತರಿಸುವುದು ಬೇಡ. ಹೆಸರಿನ ಅಕ್ಷರದ ತಪ್ಪಿಗಾಗಿ ಯಾರ ಚಿಕಿತ್ಸೆಯೂ ನಿಲ್ಲದಿರಲಿ. ಅಂಗವೈಕಲ್ಯದ ಪಿಂಚಣಿ ಗೆದ್ದವನ ಮೇಲೆ ಸರಕಾರ ಮೇಲ್ಮನವಿ ಹೂಡುತ್ತ ಹೋಗುವುದನ್ನು ನಿಲ್ಲಿಸಲಿ. ರಕ್ಷಣಾ ಸಚಿವರೇ 2015ರಲ್ಲಿ ನೇಮಿಸಿದ ತಜ್ಞರ ಸಮಿತಿಯೂ ಇಂಥ ದಾವೆಗಳನ್ನು ಕಡಿಮೆ ಮಾಡಬೇಕೆಂದೇ ಹೇಳಿತ್ತು. ಸೇವೆಯಲ್ಲಿ ಗಾಯಗೊಂಡ ಅಗ್ನಿವೀರನಿಗೆ ಆ ಗಾಯದ ಚಿಕಿತ್ಸೆ ಜೀವಮಾನವಿಡೀ ಸಿಗಲಿ.

ಸರಕಾರ ಕೇಳುವತನಕ ನಾವು ಕೈಕಟ್ಟಿ ಕೂಡುವಂತಿಲ್ಲ. ಬರುವ ತಿಂಗಳಿನಿಂದ ಪ್ರತಿ ಮಂಗಳವಾರ ಮಧ್ಯಾಹ್ನ 3ರಿಂದ 5ರವರೆಗೆ, ಹೋಟೆಲಿನವರಿಗೆ ಪುರುಸೊತ್ತು ಸಿಗುವ ಹೊತ್ತಿನಲ್ಲಿ, ಸಂಘದ ಕಚೇರಿಯಲ್ಲಿ ಇಂಥ ಕಾಗದಗಳನ್ನು ಓದಿ ಹೇಳಿ, ಅರ್ಜಿ ಬರೆದುಕೊಡಲಾಗುವುದು. ಮನೆಯಲ್ಲಿ ಸಿಪಾಯಿಯಿದ್ದವರು ಬಿಡುಗಡೆಯ ಪುಸ್ತಕ, ವೈದ್ಯಕೀಯ ಮಂಡಳಿಯ ವರದಿ, ಅಪಘಾತದ ವರದಿಗಳ ಪ್ರತಿಗಳನ್ನು ತನ್ನಿ. ಕೆಲಸದಲ್ಲಿ ಪೆಟ್ಟಾದವರು ಅಂದೇ ಅಪಘಾತದ ದಾಖಲೆಯಲ್ಲಿ ಬರೆಯಿಸಿ, ಇ.ಎಸ್.ಐ. ಸಂಖ್ಯೆಯನ್ನು ಜೋಪಾನವಾಗಿಡಿ. ಹತ್ತು ಮಂದಿ ದುಡಿಯುವ ಹೋಟೆಲಿಗೆ ಇ.ಎಸ್.ಐ. ಇರಲೇಬೇಕು; ಇಲ್ಲವಾದರೆ ನಮಗೆ ತಿಳಿಸಿ.

ಆ ಮನೆಗೆ ಇನ್ನೊಂದು ನೆರವೂ ಬೇಕಾಗಿದೆ. ತಿಂಗಳಿಗೆರಡು ಸಲ ಆ ಸಿಪಾಯಿಯನ್ನು ಮೆಟ್ಟಿಲಿಳಿಸಿ ಮತ್ತೆ ಹತ್ತಿಸಲು ಇಬ್ಬರು ಗಟ್ಟಿಗರು ಸರದಿಯ ಮೇಲೆ ಬರಬೇಕು. ಹೆಸರು ಕೊಡುವವರು ಕಚೇರಿಯಲ್ಲಿ ಕೊಡಿ. ಮೊದಲ ಸರದಿಗೆ ನಮ್ಮ ಹೆಸರನ್ನು ಬರೆದಿದ್ದೇವೆ.