ಇಂಟ್ ಎಷ್ಟು ಬೈಟ್? ಮೊದಲು ಯಾವ ಮಶೀನ್ ಅಂತ ಹೇಳಿ

ಲ್ಯಾಬ್ ವೈವಾದಲ್ಲಿ ಎಲ್ಲರಿಗೂ ಬರೋ ಪ್ರಶ್ನೆ ಒಂದಿದೆ. "ಇಂಟ್ ಎಷ್ಟು ಬೈಟ್?" ಮೊದಲ ವರ್ಷದಲ್ಲಿ ನಾನು "2 ಸರ್" ಅಂದೆ, ಮಾರ್ಕ್ಸ್ ಬಂತು. ನನ್ನ ಪಕ್ಕದವನು "4 ಸರ್" ಅಂದ, ಅವನಿಗೂ ಬಂತು. ಪಾಯಿಂಟರ್ ಎಷ್ಟು ಅಂದಾಗಲೂ ಇಬ್ಬರೂ ಒಂದೊಂದು ಸಂಖ್ಯೆ ಹೇಳಿ ಬಚಾವಾದ್ವಿ. ಯಾವ ಮಶೀನ್‌ನಲ್ಲಿ, ಯಾವ ಕಂಪೈಲರ್‌ನಲ್ಲಿ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈ ಸೈಜ್‌ಗಳನ್ನ ಬಾಯಿಪಾಠ ಮಾಡೋ ಅಭ್ಯಾಸ ಬಿಡಬೇಕು ಅಂತ ಹೇಳೋಕೆ ಇದನ್ನ ಬರೀತಿದ್ದೀನಿ. ನನಗೆ ಇದು ಪುಸ್ತಕ ಓದಿ ಹೊಳೆದದ್ದಲ್ಲ. ಸೆಮಿಸ್ಟರ್ ರಜೆಯಲ್ಲಿ ಒಂದು ನೆಟ್‌ವರ್ಕ್ ಡ್ರೈವರ್ ಜೊತೆ ಹನ್ನೊಂದು ದಿನ ಗುದ್ದಾಡಿ ಬುದ್ಧಿ ಬಂದದ್ದು.

ನಾವು ಮೂರು ಜನ. ನಾನು, ನನ್ನ ರೂಮ್‌ಮೇಟ್, ಕುಣಿಗಲ್‌ನಿಂದ ದಿನಾ ಬಸ್‌ನಲ್ಲಿ ಬರೋ ಇನ್ನೊಬ್ಬ ಗೆಳೆಯ. ಕ್ಯೂಎಮು ಅನ್ನೋ ಸಾಫ್ಟ್‌ವೇರ್ ಒಳಗೆ ಒಂದು ವರ್ಚುವಲ್ ಕಂಪ್ಯೂಟರ್ ಮಾಡ್ಕೊಂಡು, ಅದರಲ್ಲಿರೋ ಇಂಟೆಲ್ ಇ1000 ನೆಟ್‌ವರ್ಕ್ ಕಾರ್ಡ್‌ಗೆ ನಾವೇ ಲಿನಕ್ಸ್ ಡ್ರೈವರ್ ಬರೆಯೋದು ಅಂತ ಹಟ ಹಿಡಿದ್ವಿ. ರೆಡಿಮೇಡ್ ಡ್ರೈವರ್ ಲಿನಕ್ಸ್‌ನಲ್ಲೇ ಇದೆ. ಆದ್ರೂ ಕಲಿಯೋಕೆ ಅಂತ ಅದನ್ನ ತೆಗೆದು ನಮ್ಮದನ್ನ ಹಾಕಿದ್ವಿ.

ಬೇರೆ ಬ್ರಾಂಚ್‌ನವರಿಗೆ ಚಿಕ್ಕದಾಗಿ ಹೇಳ್ತೀನಿ. ಪ್ಯಾಕೆಟ್ ಕಳಿಸುವಾಗ ಸಿಪಿಯು ಒಂದೊಂದೇ ಬೈಟ್ ಹೊತ್ಕೊಂಡು ಹೋಗಿ ಕಾರ್ಡ್‌ಗೆ ಕೊಡೋದಿಲ್ಲ. ಡ್ರೈವರ್ ಒಂದು ಚೀಟಿ ಬರೆಯುತ್ತೆ. ಅದಕ್ಕೆ ಡಿಸ್ಕ್ರಿಪ್ಟರ್ ಅಂತಾರೆ. ಇ1000ದಲ್ಲಿ ಇದು 16 ಬೈಟ್: ಮೊದಲ 8 ಬೈಟ್‌ನಲ್ಲಿ ಪ್ಯಾಕೆಟ್ ಇರೋ ಮೆಮರಿ ಅಡ್ರೆಸ್, ಉಳಿದದ್ದರಲ್ಲಿ ಉದ್ದ, ಕಮಾಂಡ್, ಸ್ಟೇಟಸ್. ಕಾರ್ಡ್ ಚೀಟಿ ಓದಿ, ಆ ಅಡ್ರೆಸ್‌ಗೆ ತಾನೇ ಹೋಗಿ ಸಾಮಾನು ಎತ್ಕೊಂಡು ವೈರ್ ಮೇಲೆ ಹಾಕುತ್ತೆ. ಇದೇ ಡಿಎಂಎ. ಚೀಟಿಯಲ್ಲಿ ಅಡ್ರೆಸ್ ತಪ್ಪಾದ್ರೆ ಕೇಳೋಕೆ ಮಧ್ಯೆ ಯಾರೂ ಇಲ್ಲ.

ನನ್ನ ಲ್ಯಾಪ್‌ಟಾಪ್‌ನಲ್ಲಿ ರಾಮ್ ಕಡಿಮೆ, ಹಾಗಾಗಿ ವರ್ಚುವಲ್ ಮಶೀನ್‌ಗೆ 2 ಜಿಬಿ ಕೊಟ್ಟಿದ್ದೆ. ಪಿಂಗ್ ಹೋಯ್ತು, ಬಂತು. ಕುಣಿಗಲ್ ಗೆಳೆಯನದ್ದು ದೊಡ್ಡ ಲ್ಯಾಪ್‌ಟಾಪ್, ಅವನು 4 ಜಿಬಿ ಕೊಟ್ಟ. ಅದೇ ಕೋಡ್, ಅವನಲ್ಲಿ ಒಂದು ಪಿಂಗ್ ಹೋದ್ರೆ ಹತ್ತು ಹೋಗ್ತಿರಲಿಲ್ಲ. "ನನ್ನ ಹತ್ರ ಸರಿಯಾಗಿದೆ ಮಗಾ, ನಿನ್ನ ಸೆಟಪ್ ನೋಡ್ಕೊ" ಅಂತ ನಾನು ಎರಡು ದಿನ ಅವನನ್ನ ಬೈದೆ. ಈಗ ಅದಕ್ಕೆ ನಾಚಿಕೆ ಆಗುತ್ತೆ.

ತಪ್ಪು ನನ್ನದೇ ಆಗಿತ್ತು. ಅಡ್ರೆಸ್‌ನ ಚೀಟಿಗೆ ಹಾಕೋ ಮುಂಚೆ ಒಂದು ವೇರಿಯಬಲ್‌ನಲ್ಲಿ ಇಟ್ಕೊಂಡಿದ್ದೆ. ಅದರ ಟೈಪ್ ಯು32, ಅಂದ್ರೆ 32 ಬಿಟ್. ಅದರಲ್ಲಿ ಹಿಡಿಸೋದು 4 ಜಿಬಿ ಒಳಗಿನ ಅಡ್ರೆಸ್ ಮಾತ್ರ, ಸುಮಾರು 429 ಕೋಟಿ 49 ಲಕ್ಷ ಬೈಟ್. ನನ್ನ 2 ಜಿಬಿ ಮಶೀನ್‌ನಲ್ಲಿ ಎಲ್ಲ ಅಡ್ರೆಸ್‌ಗಳೂ ಅದರೊಳಗೇ ಇದ್ವು. ಗೆಳೆಯನ 4 ಜಿಬಿಯಲ್ಲಿ? 4 ಅಂದ್ರೆ 4ರ ಒಳಗೇ ಇರಬೇಕಲ್ಲ ಅಂತ ನಾವೂ ಅಂದ್ಕೊಂಡ್ವಿ. ಹಾಗಲ್ಲ. 4 ಜಿಬಿಗಿಂತ ಕೆಳಗೆ ಪಿಸಿಐ ಡಿವೈಸ್‌ಗಳಿಗೆ ಅಂತ ಒಂದಷ್ಟು ಅಡ್ರೆಸ್ ಮೀಸಲು. ಅಲ್ಲಿ ಜಾಗ ಸಿಗದ ರಾಮ್‌ನ ಭಾಗ 4 ಜಿಬಿ ಗೆರೆಯ ಮೇಲಕ್ಕೆ ಹೋಗಿ ಕೂರುತ್ತೆ. ಲಿನಕ್ಸ್ ಮೊದಲು ಅಲ್ಲಿಂದಲೇ ಮೆಮರಿ ಕೊಡೋಕೆ ನೋಡುತ್ತೆ.

ಹೆಕ್ಸ್‌ನಲ್ಲಿ 123456000 ಅನ್ನೋ ಅಡ್ರೆಸ್ ಸಿಕ್ಕಿತು ಅಂದ್ಕೊಳ್ಳಿ. 32 ಬಿಟ್‌ನಲ್ಲಿ ಎಂಟೇ ಹೆಕ್ಸ್ ಅಂಕಿ ಹಿಡಿಸೋದು. ಮುಂದಿನ 1 ಬಿದ್ದುಹೋಗಿ 23456000 ಉಳಿಯುತ್ತೆ. ಅದೂ ನಿಜವಾದ ಅಡ್ರೆಸ್ಸೇ, ಅಲ್ಲಿ ಬೇರೆ ಯಾರದ್ದೋ ಡೇಟಾ ಇದೆ. ಕಾರ್ಡ್ ಅಲ್ಲಿಗೆ ಹೋಗಿ ಅದನ್ನ ಎತ್ಕೊಂಡು ಕಳಿಸಿಬಿಡುತ್ತೆ.

ಇದು ನನಗೆ ಪೂರ್ತಿ ಅರ್ಥ ಆಗಿದ್ದು ಗುಬ್ಬಿಯ ತಾತನ ಮನೆಯಲ್ಲಿ. ಲ್ಯಾಂಡ್‌ಲೈನ್ ಕಾಲದ ಫೋನ್ ಡೈರಿ ಅಲ್ಲಿ ಇನ್ನೂ ಇದೆ. ಗುಬ್ಬಿಯವರ ನಂಬರ್‌ಗಳೆಲ್ಲ ಬರೀ ಆರು ಅಂಕಿ. ಕುಣಿಗಲ್ ಅತ್ತೆ ಮನೆ ನಂಬರ್ ಮುಂದೆ ಮಾತ್ರ 08132, ತುಮಕೂರಿನವರ ಮುಂದೆ 0816. "ಇದ್ಯಾಕೆ ತಾತ, ಗುಬ್ಬಿಯವರಿಗೆ ಮಾತ್ರ ಎಸ್‌ಟಿಡಿ ಕೋಡ್ ಬರ್ದಿಲ್ಲ?" ಅಂದೆ. "ಊರೊಳಗೆ ಯಾತಕ್ಕೋ 08131? ಆರು ನಂಬರ್ ಒತ್ತಿದ್ರೆ ಸಾಕಾಗ್ತಿತ್ತು" ಅಂದ್ರು. ಈ ಡೈರಿನೇ ಕುಣಿಗಲ್‌ಗೆ ತಗೊಂಡು ಹೋಗಿ ಅದೇ ಆರು ಅಂಕಿ ಒತ್ತಿದ್ರೆ? "ಅಲ್ಲಿ ಯಾರ್ದೋ ಮನೇಲಿ ರಿಂಗಾಗದು" ಅಂತ ನಕ್ಕರು.

ನನ್ನ ಬಗ್ ಅದೇ. ಊರೊಳಗೆ ಇರೋವರೆಗೂ ಚಿಕ್ಕ ನಂಬರ್ ಸಾಕು. ಊರು ದಾಟಿದ ಮೇಲೆ ಕೋಡ್ ಬಿಟ್ಟು ಒತ್ತಿದ್ರೆ ಫೋನ್ "ತಪ್ಪು" ಅಂತ ಹೇಳಲ್ಲ, ರಿಂಗ್ ಆಗುತ್ತೆ. ಅದಕ್ಕೇ ಇಷ್ಟು ದಿನ ಸಿಗಲಿಲ್ಲ.

ಹುಡುಕುವಾಗ ನಮಗೆ ದಾರಿ ತಪ್ಪಿಸಿದ್ದು ಮೂರು. ಒಂದು, ಕಾರ್ಡ್ ಪ್ರತಿ ಚೀಟಿಯ ಸ್ಟೇಟಸ್‌ನಲ್ಲೂ "ಕೆಲಸ ಮುಗೀತು" ಅನ್ನೋ ಬಿಟ್ ಹಾಕ್ತಿತ್ತು. ಅದರ ಲೆಕ್ಕದಲ್ಲಿ ಮುಗಿದದ್ದು ನಿಜವೇ. ಎರಡು, ನಾವು ಅಡ್ರೆಸ್ ಪ್ರಿಂಟ್ ಮಾಡಿಸಿದ್ದೂ ಎಂಟು ಹೆಕ್ಸ್ ಅಂಕಿಯಲ್ಲೇ. ವೇರಿಯಬಲ್‌ನಲ್ಲೂ 23456000, ಪ್ರಿಂಟ್‌ನಲ್ಲೂ 23456000. ಅಳತೆಪಟ್ಟಿಯೇ ಗಿಡ್ಡವಾಗಿದ್ರೆ ಬಟ್ಟೆ ಗಿಡ್ಡ ಅಂತ ಗೊತ್ತಾಗೋದು ಹೇಗೆ? ಮೂರು, ಕಂಪೈಲರ್ ಸುಮ್ಮನಿತ್ತು. ಪಾಯಿಂಟರ್‌ನ ನೇರವಾಗಿ 32 ಬಿಟ್‌ಗೆ ಕ್ಯಾಸ್ಟ್ ಮಾಡಿದ್ರೆ ಜಿಸಿಸಿ ವಾರ್ನಿಂಗ್ ಕೊಡುತ್ತೆ. ಆದ್ರೆ ಡಿಎಂಎ ಅಡ್ರೆಸ್ ಪಾಯಿಂಟರ್ ಅಲ್ಲ, ಒಂದು ಸಂಖ್ಯೆ. 64 ಬಿಟ್ ಸಂಖ್ಯೆಯನ್ನ 32 ಬಿಟ್‌ಗೆ ಹಾಕಿದ್ರೆ ಡಬ್ಲ್ಯೂ-ಆಲ್ ಕೊಟ್ಟರೂ ಅದು ಮಾತಾಡಲ್ಲ. ಡಬ್ಲ್ಯೂ-ಕನ್ವರ್ಷನ್ ಅಂತ ಬೇರೆಯಾಗಿ ಕೇಳಬೇಕು.

ಇದರ ಮೇಲೆ ನಾವೇ ಕರ್ನಲ್‌ಗೆ ಒಂದು ಸುಳ್ಳು ಹೇಳಿದ್ವಿ. ಕಾರ್ಡ್ ಎಷ್ಟು ಬಿಟ್ ಅಡ್ರೆಸ್ ಮುಟ್ಟಬಲ್ಲದು ಅಂತ ಹೇಳೋ ಸಾಲಿಗೆ ಡಿಎಂಎ ಮಾಸ್ಕ್ ಅಂತಾರೆ. ಅದನ್ನ ಬರೆಯದೇ ಬಿಟ್ಟಿದ್ರೆ ಲಿನಕ್ಸ್ 32 ಅಂತಲೇ ತಿಳ್ಕೊಂಡು, ಬೇಕಾದಾಗ ಪ್ಯಾಕೆಟ್‌ನ 4 ಜಿಬಿ ಒಳಗೆ ಕಾಪಿ ಮಾಡಿ ಕೊಡ್ತಿತ್ತು. ನಾವು ಬೇರೆ ಡ್ರೈವರ್ ನೋಡಿ 64 ಅಂತ ಕಾಪಿ ಹೊಡೆದಿದ್ವಿ. ದೊಡ್ಡ ಸಂಖ್ಯೆ, ಒಳ್ಳೇದೇ ಇರಬೇಕು ಅಂತ. 64 ಬರುತ್ತೆ ಅಂತ ಹೇಳಿ 32ರ ಡಬ್ಬಿ ಹಿಡ್ಕೊಂಡು ನಿಂತಿದ್ವಿ.

ಕೊನೆಗೆ ಒಬ್ಬ ಸೀನಿಯರ್ ಅಕ್ಕ ಹೇಳಿದ್ರು, "ಕಾರ್ಡ್‌ನಿಂದ ಆಚೆ ಬರೋದನ್ನ ನೋಡ್ರೋ ಮೊದಲು." ವೈರ್‌ಶಾರ್ಕ್‌ನಲ್ಲಿ ನೋಡಿದ್ವಿ. ಪ್ಯಾಕೆಟ್‌ನ ಉದ್ದ ಸರಿ ಇದೆ, ಒಳಗೆ ನಮ್ಮ ಒಂದು ಬೈಟೂ ಇಲ್ಲ. ಒಂದರಲ್ಲಿ ಆ ಮಶೀನ್‌ನ ಯಾವುದೋ ಟೆಕ್ಸ್ಟ್ ಫೈಲ್‌ನ ಸಾಲುಗಳು ಕಂಡ್ವು. ಆಗ ಹೊಟ್ಟೆಯೊಳಗೆ ತಣ್ಣಗಾಯ್ತು. ಅದು ಪಾಸ್‌ವರ್ಡ್ ಆಗಿದ್ರೆ? ಬರೋ ಪ್ಯಾಕೆಟ್‌ಗಳಲ್ಲಿ ಇದೇ ತಪ್ಪಾದ್ರೆ ಇನ್ನೂ ಕೆಟ್ಟದು, ಕಾರ್ಡ್ ಯಾರದ್ದೋ ಮೆಮರಿ ಮೇಲೆ ಬರೆದುಬಿಡುತ್ತೆ, ಮಶೀನ್ ಸಂಬಂಧವೇ ಇಲ್ಲದ ಇನ್ನೆಲ್ಲೋ ಬೀಳುತ್ತೆ. ಯು32 ಅನ್ನೋದನ್ನ ಡಿಎಂಎ ಅಡ್ರೆಸ್‌ನ ಸ್ವಂತ ಟೈಪ್‌ಗೆ ಬದಲಾಯಿಸಿದ್ವಿ. ಒಂದೇ ಪದ. ಹನ್ನೊಂದು ದಿನ.

ಈಗ ವೈವಾಗೆ ವಾಪಸ್ ಬರೋಣ. "ಇಂಟ್ 2 ಬೈಟ್" ಅನ್ನೋದು ಸುಳ್ಳಲ್ಲ. ಡಾಸ್ ಕಾಲದ ಟರ್ಬೊ ಸಿಯಲ್ಲಿ 2. ಇವತ್ತಿಗೂ ಇಸಿ ಗೆಳೆಯರ ಆರ್ಡುಯಿನೊ ಊನೊದಲ್ಲಿ 2, ಅದರ ಪಾಯಿಂಟರ್ ಕೂಡ 2. ಇಎಸ್‌ಪಿ32ನಲ್ಲಿ ಎರಡೂ 4. 64 ಬಿಟ್ ಲಿನಕ್ಸ್‌ನಲ್ಲಿ ಇಂಟ್ 4, ಪಾಯಿಂಟರ್ 8, ಲಾಂಗ್ 8. 64 ಬಿಟ್ ವಿಂಡೋಸ್‌ನಲ್ಲಿ ಲಾಂಗ್ ಮತ್ತೆ 4. ಯಾವ ಊರು ಅಂತ ಹೇಳದೆ ಬರೀ ಸಂಖ್ಯೆ ಹೇಳಿದ್ರೆ ಆ ಉತ್ತರಕ್ಕೆ ಅರ್ಥವೇ ಇಲ್ಲ. ತಮಾಷೆ ಏನಂದ್ರೆ ಹಳೇ ಟರ್ಬೊ ಸಿ ಇದನ್ನ ಚೆನ್ನಾಗೇ ಕಲಿಸ್ತಿತ್ತು. ಅದರಲ್ಲಿ ನಿಯರ್ ಪಾಯಿಂಟರ್ 2 ಬೈಟ್, ಒಂದೇ ಸೆಗ್ಮೆಂಟ್ ಒಳಗೆ. ಫಾರ್ ಪಾಯಿಂಟರ್ 4 ಬೈಟ್, ಸೆಗ್ಮೆಂಟ್ ಸೇರಿಸಿ. ಲೋಕಲ್ ನಂಬರ್, ಎಸ್‌ಟಿಡಿ ನಂಬರ್ ಥರನೇ. ನಾವು ಆ ಕಾಲದಿಂದ 2 ಅನ್ನೋ ಸಂಖ್ಯೆ ಮಾತ್ರ ಇಟ್ಕೊಂಡು ವಿಷಯ ಬಿಟ್ಟಿದ್ದೀವಿ.

"ನಮ್ಮಲ್ಲಿ ಡ್ರೈವರ್ ಬರೆಯೋರು ಎಷ್ಟು ಜನ, ಪ್ಲೇಸ್‌ಮೆಂಟ್‌ಗೆ ಇದು ಬೇಕಾ?" ಅಂತ ಕೇಳಬಹುದು. ನನ್ನ ರೂಮ್‌ಮೇಟೇ ಕೇಳಿದ. ಡ್ರೈವರ್ ಬಿಡಿ. ಪಾಯಿಂಟರ್ ವಾಪಸ್ ಕೊಡೋ ನಿಮ್ಮದೇ ಫಂಕ್ಷನ್ ಇನ್ನೊಂದು ಫೈಲ್‌ನಲ್ಲಿದ್ದು, ಹೆಡರ್ ಸೇರಿಸೋದು ಮರೆತರೆ, ಹಳೇ ಕಂಪೈಲರ್ ಅದು ಇಂಟ್ ಕೊಡುತ್ತೆ ಅಂದ್ಕೊಂಡು ಅರ್ಧ ಅಡ್ರೆಸ್ ಕತ್ತರಿಸುತ್ತೆ. 2024ರಲ್ಲಿ ಬಂದ ಜಿಸಿಸಿ 14 ಇದನ್ನ ಎರರ್ ಅಂತಲೇ ಮಾಡಿದೆ. 1996ರ ಜೂನ್ 4ರಂದು ಏರಿಯನ್ 5 ರಾಕೆಟ್ ಮೊದಲ ಹಾರಾಟದಲ್ಲೇ, ಒಂದು ನಿಮಿಷದೊಳಗೆ ಚೂರಾಯ್ತು. 64 ಬಿಟ್ ಸಂಖ್ಯೆಯನ್ನ 16 ಬಿಟ್‌ಗೆ ತುರುಕಿದ ಕೋಡ್ ಅದಕ್ಕೆ ಕಾರಣ. ಅದೇ ಕೋಡ್ ಏರಿಯನ್ 4ರಲ್ಲಿ ಆರಾಮಾಗಿ ಓಡಿತ್ತು, ನನ್ನ 2 ಜಿಬಿ ಮಶೀನ್ ಥರ.

ಸರ್‌ಗಳನ್ನ ದೂರೋಕೆ ಇದನ್ನ ಬರೀತಿಲ್ಲ. ರೆಕಾರ್ಡ್‌ನಲ್ಲಿ ಔಟ್‌ಪುಟ್ ಬಂದ್ರೆ ಸಾಕು ಅಂತ ನಾವೂ ಒಪ್ಕೊಂಡಿದ್ದೀವಿ. ರೆಕಾರ್ಡ್‌ನಲ್ಲಿ ಪ್ರತಿ ಪ್ರೋಗ್ರಾಂ ಕೊನೆಗೆ "ಎಲ್ಲಿ ಕೆಟ್ಟಿತು, ಹೇಗೆ ಸಿಕ್ಕಿತು" ಅಂತ ಅರ್ಧ ಪುಟ ಇರಲಿ, ಅದಕ್ಕೆ ಎರಡು ಮಾರ್ಕ್ಸ್ ಇರಲಿ. ವೈವಾದಲ್ಲಿ ಸೈಜ್ ಕೇಳಿದ್ರೆ "ಯಾವ ಮಶೀನ್ ಸರ್?" ಅಂತ ವಾಪಸ್ ಕೇಳೋ ಹುಡುಗನಿಗೆ ಮಾರ್ಕ್ಸ್ ಕೊಡಿ, ಸೈಜ್‌ಆಫ್ ಹಾಕಿ ಅಲ್ಲೇ ತೋರಿಸು ಅನ್ನಿ. ಇನ್ನು ನಾವು, ಜೂನಿಯರ್‌ಗಳಿಗೆ "ಒಂದು ಕ್ಯಾಸ್ಟ್ ಹಾಕು, ವಾರ್ನಿಂಗ್ ಹೋಗುತ್ತೆ" ಅನ್ನೋದು ನಿಲ್ಲಿಸಬೇಕು. ವಾರ್ನಿಂಗ್ ಹೋಗುತ್ತೆ, ತಪ್ಪು ಅಲ್ಲೇ ಇರುತ್ತೆ.

ಕುಣಿಗಲ್ ಗೆಳೆಯನಿಗೆ ಸಾರಿ ಹೇಳಿದೆ. ಈಗ ನಮ್ಮ ಮೂರೂ ಜನದ ಕೋಡ್ ಮೊದಲು ಓಡೋದು ಅವನ ಲ್ಯಾಪ್‌ಟಾಪ್‌ನಲ್ಲಿ.