ಓಡುವ ಗೆಳೆಯರಿಗೆ ಒಂದು ಬಯಲು ಬೇಕು

ಓಟವೆಂದರೆ ಉಂಡು ತೇಗುವವರ ಚಟ, ದುಡಿದು ಬೆನ್ನು ಬಾಗಿದವನಿಗೆ ಅದರ ಗೊಡವೆ ಏಕೆ ಎಂದು ನಮ್ಮ ಕೆಲವು ಮಿತ್ರರೇ ಕೇಳುವುದುಂಟು. ದೊಡ್ಡ ಶಹರಗಳಲ್ಲಿ ಬೆಲೆಬಾಳುವ ಬೂಟು ಹಾಕಿಕೊಂಡು, ಫೀ ಕಟ್ಟಿ ಓಡುವವರ ಚಿತ್ರಗಳನ್ನು ಕಂಡವರಿಗೆ ಹೀಗೆನಿಸುವುದು ಸಹಜ. ಆದರೆ ಇತಿಹಾಸ ಈ ಮಾತನ್ನು ಒಪ್ಪುವುದಿಲ್ಲ. ದೂರದ ಓಟವು ನಮ್ಮ ಸೀಮೆಯ ಬರಿಗಾಲಿನ ಮಂದಿಯ ಸೊತ್ತು.

1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ರೈತರ ಮಕ್ಕಳು ಬರಿಗಾಲಿನಲ್ಲಿ ಓಡಿದ್ದನ್ನು ದೊರಾಬ್ಜಿ ಟಾಟಾ ಅವರು ನೋಡಿದರು. ಯುರೋಪದ ಓಟಗಾರರಿಗಿಂತ ಇವರೇನೂ ಬಹಳ ಹಿಂದಿಲ್ಲವೆಂದು ಅವರಿಗೆ ಅನಿಸಿತು. ಮರುವರ್ಷ, ಅಂದರೆ 1920ರಲ್ಲಿ, ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪಟ್ಟಣದ ಒಲಿಂಪಿಕ್ಸಿಗೆ ಹಿಂದುಸ್ತಾನದ ತಂಡ ಹೋಯಿತು. ಅದರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರಿದ್ದರು. ಆ ಸಲದ ಮ್ಯಾರಥಾನ್ ದಾರಿ 42 ಕಿಲೋಮೀಟರ್ 750 ಮೀಟರ್. ಈಗಿನ ಅಳತೆಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ಗೆದ್ದವನು ಫಿನ್‌ಲ್ಯಾಂಡಿನ ಕೋಲೆಹ್ಮಾಯ್ನೆನ್. ಅವನೂ ಇಟ್ಟಂಗಿ ಹೊಂದಿಸಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿದವನು. ದುಡಿಯುವವನಿಗೆ ಓಟ ಸಲ್ಲದೆಂದು ಇನ್ನು ಯಾರು ಹೇಳಬೇಕು?

ಬೆಲ್ಜಿಯಂ ದೂರವಾಯಿತೆನ್ನುವವರು ನಮ್ಮ ಊರುಗಳನ್ನೇ ನೋಡಲಿ. ಯುಗಾದಿ ಸಮೀಪಿಸಿತೆಂದರೆ ಜಮಖಂಡಿ, ಮುಧೋಳ, ರಬಕವಿ, ಬನಹಟ್ಟಿಗಳಿಂದ ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಮೊದಲು ಮುಟ್ಟಿದವರು ಯಾರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಕಾಲಿಗೆ ಬೊಬ್ಬೆ ಬಂದವನ ಗಂಟನ್ನು ಮತ್ತೊಬ್ಬ ಹೊರುತ್ತಾನೆ. ದಾರಿಯ ಊರಿನವರು ರೊಟ್ಟಿ ಕಟ್ಟಿ ಕೊಡುತ್ತಾರೆ. ದೇವರನ್ನು ನಂಬುವವರಿರಲಿ, ನಂಬದವರಿರಲಿ, ಇದರಿಂದ ಒಂದು ಮಾತು ಕಲಿಯಬಹುದು: ಬಹಳ ದೂರದ ದಾರಿಯನ್ನು ಸಾಮಾನ್ಯ ಮನುಷ್ಯನು ಸಂಗಡಿಗರ ಬಲದಿಂದಲೇ ಸವೆಸುತ್ತಾನೆ.

ಓಟದಲ್ಲಿಯೂ ಹಾಗೆಯೇ. ದೂರದ ಓಟ ಕೆಡುವುದು ಬಹುಮಟ್ಟಿಗೆ ಮೊದಲ ಎರಡು ಮೈಲಿಗಳಲ್ಲಿ. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ಗಂಟು ಸಣ್ಣದು. ಹುಮ್ಮಸ್ಸಿನಿಂದ ಮೊದಲೇ ಅದನ್ನು ಖರ್ಚು ಮಾಡಿದವನು 30 ಕಿಲೋಮೀಟರಿನ ಹೊತ್ತಿಗೆ ದಿವಾಳಿಯೇಳುತ್ತಾನೆ. ವ್ಯಾಪಾರಿ ಬಂಧುಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದವನ ಸಂಗಡ ಮಾತಾಡುತ್ತ ಓಡಲು ಆಗುವಷ್ಟು ವೇಗವೇ ಅಭ್ಯಾಸಕ್ಕೆ ಸರಿಯಾದ ವೇಗ. ಕೈಗಡಿಯಾರವಿಲ್ಲದ, ಕಲಿಸುವವರಿಲ್ಲದ ಹುಡುಗನಿಗೆ ಗೆಳೆಯನೇ ಗಡಿಯಾರ, ಗೆಳೆಯನೇ ಗುರು. ಎದುರುಗಾಳಿಯಲ್ಲಿ ಸರದಿಯಂತೆ ಒಬ್ಬೊಬ್ಬರು ಮುಂದಾದರೆ ಹಿಂದಿನವರಿಗೆ ಶ್ರಮ ಉಳಿಯುತ್ತದೆ.

ಈಗ ನಮ್ಮ ಕಡೆ ಓಡುವವರು ಯಾರು? ನಸುಕಿನಲ್ಲಿ ಊರ ಹೊರಗಿನ ರಸ್ತೆಗಳಲ್ಲಿ ಓಡುವ ಹುಡುಗರ ಗುಂಪುಗಳನ್ನು ಕೇಳಿರಿ. ಪೊಲೀಸ್ ಭರತಿ, ಮಿಲಿಟರಿ ಭರತಿ ಎನ್ನುತ್ತಾರೆ. ಪೊಲೀಸ್ ಪೇದೆಯಾಗಬೇಕಾದ ಹುಡುಗನು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ಸೈನ್ಯಕ್ಕೆ ಸೇರಿದವರಿಗೆ ನಾಲ್ಕೇ ವರ್ಷದ ನೌಕರಿ. ಮುಂದೆ ಖಾಯಮಾಗುವವರು ನೂರಕ್ಕೆ 25ರಷ್ಟು ಮಾತ್ರ. ಒಂದೇ ಜಾಗಕ್ಕೆ ಅರ್ಜಿ ಹಾಕಿದ ಹುಡುಗರು ಒಬ್ಬರನ್ನೊಬ್ಬರು ಹುರಿದುಂಬಿಸುತ್ತ ಓಡುವುದನ್ನು ಕಂಡಾಗ ನಮಗೆ ಹೆಮ್ಮೆಯೆನಿಸುತ್ತದೆ. ಆದರೆ ವಯಸ್ಸಿನ ಮಿತಿ ದಾಟಿತೆಂದರೆ, ಒಂದು ಸೆಕೆಂಡು ತಡವಾಗಿ ಹೊರಬಿದ್ದರೆಂದರೆ, ಆ ಓಟ ಅಲ್ಲಿಗೇ ನಿಲ್ಲುತ್ತದೆ. ಒಬ್ಬ ಮಗ್ಗಕ್ಕೆ, ಒಬ್ಬ ಕಬ್ಬಿನ ಕಾರಖಾನೆಗೆ, ಒಬ್ಬ ಅಂಗಡಿಗೆ. ಗುಂಪು ಒಡೆಯುತ್ತದೆ. ನೌಕರಿಯ ಬಾಗಿಲಿಗೆ ಓಟವನ್ನು ಕಟ್ಟಿಹಾಕಿದ್ದರ ಫಲವಿದು.

ಓಟ ನಿಜವಾಗಿ ಬೇಕಾಗುವುದು ಅಲ್ಲಿಂದ ಮುಂದೆಯೇ. ಪಾವರ್‌ಲೂಮಿನಲ್ಲಿ ದಿನವಿಡೀ ನಿಂತು, ಅರಳೆಯ ದೂಳು ಕುಡಿಯುವವನ ಎದೆಗೆ ನಸುಕಿನ ಶುದ್ಧ ಗಾಳಿ ಬೇಡವೇ? ಗಲ್ಲೆಯ ಮುಂದೆ ಕುಳಿತೇ ಸಕ್ಕರೆ ರೋಗ ತಂದುಕೊಳ್ಳುವ ಅಂಗಡಿಕಾರನಿಗೆ ಕಾಲಾಡಿಸುವುದು ಬೇಡವೇ? ಬೇಕು, ಆದರೆ ವೇಳೆ ಎಲ್ಲಿದೆ? ಸೀರೆಗಿಷ್ಟು ಎಂದು ಕೂಲಿ ಇರುವಲ್ಲಿ, ಓಡಿದ ಪ್ರತಿ ಗಳಿಗೆಯೂ ಹೊಟ್ಟೆಗೆ ಖೋತಾ ಎನಿಸುತ್ತದೆ. ಇಂಥದರಲ್ಲಿ 2023ರಲ್ಲಿ ಕರ್ನಾಟಕ ವಿಧಾನಮಂಡಲವು ಕಾರಖಾನೆಗಳಲ್ಲಿ ದಿನದ ದುಡಿಮೆಯನ್ನು 12 ಗಂಟೆಯವರೆಗೆ ಒಯ್ಯಲು ಎಡೆಗೊಡುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ವಾರಕ್ಕೆ 48 ಗಂಟೆಯ ಮಿತಿ ಉಳಿಯಿತೆಂದು ಸಮಾಧಾನ ಹೇಳಲಾಯಿತು. 12 ಗಂಟೆ ನಿಂತ ಕಾಲು ಆ ದಿನ ಓಡುವುದುಂಟೇ? ದುಡಿಮೆಯ ಗಂಟೆಯ ಪ್ರಶ್ನೆ ಪಗಾರದ ಪ್ರಶ್ನೆಯಷ್ಟೇ ಅಲ್ಲ, ಮೈಯ ಪ್ರಶ್ನೆಯೂ ಹೌದು.

ಆದುದರಿಂದ ನಾವು ಕೇಳುವುದು ದೊಡ್ಡ ಸ್ಟೇಡಿಯಮ್ಮನ್ನಲ್ಲ. ಪ್ರತಿ ಊರಿನಲ್ಲಿ ಒಂದು ಶಾಲೆಯ ಬಯಲನ್ನಾದರೂ ನಸುಕಿನಲ್ಲಿ ಮತ್ತು ಸಂಜೆ ಎಲ್ಲರಿಗೂ ತೆರೆದಿಡಬೇಕು. ಅಲ್ಲಿ 400 ಮೀಟರಿನ ಮಣ್ಣಿನ ದಾರಿ, ನಾಲ್ಕು ದೀಪ, ಕುಡಿಯುವ ನೀರು ಇರಬೇಕು. ಲಾರಿ, ಟ್ರ್ಯಾಕ್ಟರುಗಳ ರಸ್ತೆಯಲ್ಲಿ ಕತ್ತಲೆಯಲ್ಲಿ ಓಡುವುದು ಹುಡುಗರಿಗೇ ಅಪಾಯ. ಹೆಣ್ಣುಮಕ್ಕಳಿಗಂತೂ ಮನೆಯವರು ಅಪ್ಪಣೆ ಕೊಡುವುದಿಲ್ಲ. ಬೆಳಕಿರುವ ಬಯಲಿದ್ದರೆ ಅವರೂ ಬಂದಾರು. ಪುರಸಭೆ, ನಗರಸಭೆಗಳ ಸದಸ್ಯರನ್ನು ಅವರವರ ವಾರ್ಡಿನ ಜನ ಈ ಮಾತು ಕೇಳಬೇಕು.

ಸಂಘಗಳವರು ಮಾಡಬಹುದಾದದ್ದೂ ಒಂದಿದೆ. ಸೂಟಿಯ ದಿನ ಬನಹಟ್ಟಿಯಿಂದ ಜಮಖಂಡಿಗೆ ಒಂದು ಓಟವಿಡಲಿ. ಐದೈದು ಗೆಳೆಯರ ಗುಂಪು. ಐದನೆಯವನು ಗೆರೆ ಮುಟ್ಟಿದ ವೇಳೆಯೇ ಗುಂಪಿನ ವೇಳೆ. ಸೈಕಲ್ಲಿನ ಗುಂಪು ಪಂದ್ಯದಲ್ಲಿಯೂ ಮೊದಲಿಗನ ವೇಳೆ ಲೆಕ್ಕಕ್ಕೆ ಬರುವುದಿಲ್ಲವೆಂಬುದು ನಮ್ಮ ಸೀಮೆಯ ಸೈಕಲ್ ಪಟುಗಳಿಗೆ ಗೊತ್ತಿದ್ದದ್ದೇ. ಮಗ್ಗದವನೂ ಅಂಗಡಿಯವನೂ ಒಂದೇ ಗುಂಪಿನಲ್ಲಿರಲಿ. ಹೆಸರು ಕೆತ್ತಿಸಿದ ಢಾಲಿನ ಬದಲು ವ್ಯಾಪಾರಿಗಳು ದಾರಿಯುದ್ದಕ್ಕೂ ಮಜ್ಜಿಗೆ, ಬೆಲ್ಲ, ನಿಂಬೆಹಣ್ಣು ಒದಗಿಸಲಿ. ಹಿಂದುಳಿದವನನ್ನು ಬಿಟ್ಟು ಬಂದ ಗುಂಪಿಗೆ ಅಲ್ಲಿ ಗೆಲುವಿಲ್ಲ ಎಂಬ ಒಂದೇ ನಿಯಮ ಸಾಕು.