ಮುಲಾಮಿನ ಕೈ, ಹಕ್ಕಿಯ ಕೊಕ್ಕು

ಇಂಗಳೇಶ್ವರದಲ್ಲಿ ನನ್ನ ಓರಗೆಯವರ ಮನೆಗಳಲ್ಲಿ ಮೊಣಕಾಲು ನೋವಿನ ಮುಲಾಮು ದಿನಬಳಕೆಯ ವಸ್ತುವಾಗಿದೆ. ಮೊಮ್ಮಕ್ಕಳಿಗೆಂದು ತಂದ ಲವ್‌ಬರ್ಡ್ಸ್ ಪಂಜರವೂ ಅದೇ ಪಡಸಾಲೆಯಲ್ಲಿ ತೂಗುತ್ತಿರುತ್ತದೆ. ಇವೆರಡರ ನಡುವೆ ಅಂತರವಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ಹಲವು ಮುಲಾಮುಗಳಲ್ಲಿರುವುದು ಡೈಕ್ಲೋಫೆನಾಕ್. ಅದೇ ಔಷಧವನ್ನು ಪಡೆದಿದ್ದ ದನಗಳ ಕಳೇಬರ ತಿಂದು ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವೆಂಬುದು 2004ರಲ್ಲಿ ಬೆಳಕಿಗೆ ಬಂತು. 2006ರಲ್ಲಿ ಭಾರತವು ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ಅಳಿದುಳಿದ ರಣಹದ್ದುಗಳಿಗಾಗಿ 2012ರಲ್ಲಿ ರಾಮನಗರದಲ್ಲಿ ಧಾಮವೇ ಆಯಿತು. ಎಲ್ಲ ಹಕ್ಕಿಗಳೂ ರಣಹದ್ದಿನಷ್ಟು ಸೂಕ್ಷ್ಮವಲ್ಲ, ನಿಜ. ಆದರೆ ನಾವು ಲವ್‌ಬರ್ಡ್ಸ್ ಎಂದೇ ಕರೆಯುವ ಬಜರಿಗರ್ ತೂಗುವುದು 30–40 ಗ್ರಾಂ ಮಾತ್ರ. ಅದಕ್ಕೆ ಅಲ್ಪವೂ ಅಧಿಕವೇ.

ಹಕ್ಕಿ ಕೊಕ್ಕಿನಿಂದ ಗರಿ ತೀಡಿಕೊಳ್ಳುವಾಗ ಗರಿಗೆ ಅಂಟಿದ್ದೆಲ್ಲ ಹೊಟ್ಟೆ ಸೇರುತ್ತದೆ. ಇಸುಬಿಗೆ ಹಚ್ಚುವ ಸ್ಟಿರಾಯ್ಡ್ ಮುಲಾಮಿಗೂ ಇದೇ ಮಾತು ಸಲ್ಲುತ್ತದೆ. ಆದ್ದರಿಂದ ಸಾಬೂನಿನಿಂದ ಕೈ ತೊಳೆಯದೆ ಹಕ್ಕಿಯನ್ನಾಗಲಿ, ಅದರ ಕಾಳು-ನೀರಿನ ಬಟ್ಟಲನ್ನಾಗಲಿ ಮುಟ್ಟಕೂಡದು. ಮುಲಾಮು ಕೈಗೇ ಹಚ್ಚುವುದಾದರೆ ಆ ಕೆಲಸವನ್ನು ಮನೆಯ ಬೇರೊಬ್ಬರು ಮಾಡಲಿ. ಹಚ್ಚಿದ ಜಾಗ ಬಟ್ಟೆಯಿಂದ ಮುಚ್ಚಿರಲಿ. ಗರಿಗೆ ತಾಗಿದರೆ ತಡಮಾಡದೆ ಪಶುವೈದ್ಯರನ್ನು ಕಾಣಬೇಕು.

ಪಂಜರದ ಹಕ್ಕಿಗೆ ಹಾರಿ ದೂರ ಸರಿಯುವ ದಾರಿಯಿಲ್ಲ. ಕೂಡಿಹಾಕಿದವರು ನಾವು, ಎಚ್ಚರವೂ ನಮ್ಮದೇ ಹೊಣೆ.